ತಂಬೂರಿಯ ಜೀವಾಳ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರೀತೀರದ ಸಂಗೀತಗ್ರಾಮವೆಂದು ನಾಡಿಗೇ ಪರಿಚಿತವಾದುದು. ಆ ಸೀಮೆಯವರಾದ ನನ್ನ ತಂದೆಯವರಿಗೆ ತಂಬೂರಿಯೇ ಆಸ್ತಿಯಾಗಿದ್ದಿತು. ಅವರು ಕಾಲವಾದ ಬಳಿಕ ಆರು ವರ್ಷ ನಾನದನ್ನು ಗವಸು ಹೊದಿಸಿ ಮೂಲೆಯಲ್ಲಿರಿಸಿದ್ದೆನಲ್ಲದೆ ಮುಟ್ಟಿದವನಲ್ಲ.

ಕಳೆದ ಬೇಸಗೆಯಲ್ಲಿ ಮಗನು ಬೇಸ್ ಗಿಟಾರೊಂದನ್ನು ತಂದನು. "ನಮ್ಮ ಮನೆಗೆ ಈ ಗದ್ದಲವೇಕೆ?" ಎಂದು ಜರೆದೆನು. ಅವನು ಮರುನುಡಿಯದೆ ಅದನ್ನು ಮಡಿಲಲ್ಲಿಟ್ಟು ಸರಿಪಡಿಸತೊಡಗಿದನು. ಅದಕ್ಕೆ ನಾಲ್ಕು ತಂತಿ. ನಮ್ಮ ತಂಬೂರಿಗೂ ನಾಲ್ಕೇ. ತಂತಿಗಳ ಸೆಳೆತಕ್ಕೆ ದಂಡಿಯು ಬಾಗುವುದಂತೆ. ಒಳಗಿನ ಉಕ್ಕಿನ ಸರಳನ್ನು ಕೀಲಿಯಿಂದ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಅದನ್ನು ತಿದ್ದಬೇಕು. ತಂತಿಯು ಮೆಟ್ಟಿಲಿಗೆ ತಾಗಿ ಝೇಂಕರಿಸಿದರೆ ಅದು ದೋಷ.

ನನಗೆ ನಗು ಬಂದಿತು. ತಂಬೂರಿಯಲ್ಲಿ ಆ ಝೇಂಕಾರವೇ ಗುಣ! ಅದಕ್ಕಾಗಿಯೇ ಕುದುರೆಗೂ ತಂತಿಗೂ ನಡುವೆ ನೂಲಿನೆಳೆಯನ್ನಿಡುತ್ತೇವೆ. ಅದರ ಹೆಸರೇ ಜೀವಾಳ. ಇದನ್ನು ಹೇಳಿದಾಗ ಮಗನು, "ಅಪ್ಪಾ, ಅಜ್ಜನದನ್ನು ತೆಗೆಯೋಣವೇ?" ಎಂದನು.

ತುಕ್ಕುಹಿಡಿದ ಮೂರು ಉಕ್ಕಿನ ತಂತಿಗಳನ್ನೂ ಮಂದ್ರದ ಹಿತ್ತಾಳೆಯ ತಂತಿಯನ್ನೂ ಬದಲಿಸಿದೆವು. ಜಾರುವ ಬಿರಡೆಗಳಿಗೆ ಸೀಮೆಸುಣ್ಣದ ಪುಡಿ ಲೇಪಿಸಿದೆವು. ಮಣಿಗಳನ್ನು ಸರಿಸಿ ಪಂಚಮ, ಸಾರಣಿ, ಅನುಸಾರಣಿ, ಮಂದ್ರಗಳನ್ನು ಹೊಂದಿಸಿದೆವು. ಜೀವಾಳವನ್ನಿಡುವಾಗ ನನ್ನ ಬೆರಳುಗಳು ನಡುಗಿದವು. ನೂಲನ್ನು ಸರಿಸಿದವನು ಮಗನೇ. ಅದು ಕೂದಲೆಳೆಯಷ್ಟು ಸರಿಯುತ್ತಲೇ ತಂದೆಯವರ ಪ್ರಾತಃಕಾಲದ ನಾದವು ಮನೆಯನ್ನೆಲ್ಲ ತುಂಬಿತು. ನಾನು ಕಣ್ಣೊರೆಸಿಕೊಂಡೆನು, ಅವನೂ ಮಾತಾಡಲಿಲ್ಲ.

ವಿದ್ಯಾರ್ಥಿಗಳೇ, ಹಿರಿಯರ ವಾದ್ಯವನ್ನು ಗವಸಿನಲ್ಲಿಟ್ಟು ಗೌರವಿಸುವುದು ಸುಲಭ, ಶ್ರುತಿಗೂಡಿಸುವುದೇ ಲೇಸು. ಅದಕ್ಕೆ ಕಿರಿಯರ ಕೈಯೂ ಬೇಕು. ಈಗ ನಮ್ಮ ಮನೆಯ ಮೂಲೆಯಲ್ಲಿ ಎರಡು ವಾದ್ಯಗಳಿವೆ.