ಮದ್ದೂ ದಾರಿಯೂ

ಮದ್ದೇ ಇಲ್ಲದ ರೋಗಕ್ಕೆ ದೈವವನ್ನು ದೂರಬಹುದು; ಮದ್ದಿದ್ದೂ ಅದು ರೋಗಿಯ ಕೈಗೆ ಬಾರದಿದ್ದರೆ ಯಾರನ್ನು ದೂರಬೇಕು? ಈಚೆಗೆ ಒಂದು ಸಾಕ್ಷ್ಯಚಿತ್ರವನ್ನು ನೋಡಿದಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಡದೆ ಕಾಡುತ್ತಿರುವದು.

ಅಮೇರಿಕೆಯ ಸಿ.ಎನ್.ಎನ್. ಸಂಸ್ಥೆಯವರು 2013ರಲ್ಲಿ ಪ್ರಸಾರ ಮಾಡಿದ ‘ವೀಡ್’ ಎಂಬ ಚಿತ್ರವದು. ನಿರೂಪಿಸಿದವರು ಭಾರತೀಯ ಮೂಲದ ಶಸ್ತ್ರವೈದ್ಯರಾದ ಡಾ. ಸಂಜಯ ಗುಪ್ತಾ ಅವರು. ಕೊಲೊರಾಡೋ ಪ್ರಾಂತದ ಶಾರ್ಲಟ್ ಫಿಗಿ ಎಂಬ ಹಸುಳೆಗೆ ಡ್ರಾವೆ ಎಂಬ ಘೋರವಾದ ಅಪಸ್ಮಾರ. ವಾರಕ್ಕೆ ಸುಮಾರು 300 ಸಲ ಸೆಳೆತ. ಭಂಗಿಯ ಗಿಡದಿಂದ ತೆಗೆದ, ಅಮಲೇರಿಸದಂಥ ತೈಲದ ಹನಿಗಳಿಂದ ಆ ಸೆಳೆತಗಳು ತೀರ ವಿರಳವಾದವು. ಇದನ್ನು ಕಂಡು ಕೇಳಿದ ನೂರಾರು ತಾಯಿತಂದೆಗಳು ಮನೆಮಾರು ತೊರೆದು, ಆ ತೈಲಕ್ಕೆ ಕಾಯಿದೆಯ ಸಮ್ಮತಿಯಿದ್ದ ಕೊಲೊರಾಡೋಕ್ಕೆ ವಲಸೆ ಹೋದರು. 2018ರಲ್ಲಿ ಅದೇ ಸತ್ವದ ಔಷಧಕ್ಕೆ ಅಲ್ಲಿನ ಸರಕಾರದ ಒಪ್ಪಿಗೆ ದೊರೆತಾಗ, ಅದರ ಬೆಲೆಯು ವರ್ಷಕ್ಕೆ ಸುಮಾರು 32,500 ಡಾಲರು! ಕಾಯಿದೆಯ ಬೇಲಿ ಸರಿದಲ್ಲಿ ಹಣದ ಬೇಲಿ ಎದ್ದಿತು.

ಸೋಜಿಗವೆಂದರೆ ಈ ಗಿಡವು ನಮಗೆ ಹೊಸತಲ್ಲ. ಆಯುರ್ವೇದವು ಇದನ್ನು ವಿಜಯಾ ಎಂದು ಕರೆದಿದೆ. ಜಾತೀಫಲಾದಿ ಚೂರ್ಣದಲ್ಲಿ ಇದು ಸೇರುವದು. ಕಲಕತ್ತೆಯ ವೈದ್ಯಶಾಲೆಯಲ್ಲಿದ್ದ ಡಾ. ಒಶಾನೆಸಿ ಎಂಬವರು 1839ರ ಸುಮಾರಿಗೆ ಇದರ ಸಾರವನ್ನು ಸೆಳೆತ ಬಂದ ಎಳೆಗೂಸಿಗೆ ಕೊಟ್ಟು, ಗುಣ ಕಂಡುದನ್ನು ಬರೆದಿಟ್ಟಿರುವರು. ನಮ್ಮ 1985ರ ಮಾದಕದ್ರವ್ಯಗಳ ಕಾಯಿದೆಯು ಗಾಂಜಾವನ್ನು ನಿಷೇಧಿಸಿದರೂ ವೈದ್ಯಕೀಯ ಉಪಯೋಗಕ್ಕೆ ಬಾಗಿಲನ್ನು ಪೂರಾ ಮುಚ್ಚಿಲ್ಲ.

ಆದರೆ ಆ ಚಿತ್ರವು ತೋರಿಸುವದು ಉಳಿದೆಲ್ಲ ಮದ್ದುಗಳು ಸೋತ ಮೇಲಿನ ಕಡೆಯ ಮದ್ದನ್ನು. ನಮ್ಮ ಘಟ್ಟದ ಮೇಲೆ ಎಷ್ಟೋ ಮನೆಗಳಿಗೆ ಮೊದಲನೆಯ ಮದ್ದೇ ಮುಟ್ಟಿಲ್ಲ. ಫಿನೋಬಾರ್ಬಿಟೋನ್ ಎಂಬ ಅಗ್ಗದ ಗುಳಿಗೆಯು 1912ರಿಂದಲೂ ಅಪಸ್ಮಾರಕ್ಕೆ ಬಳಕೆಯಲ್ಲಿದೆ. ಸರಿಯಾದ ಚಿಕಿತ್ಸೆ ದೊರೆತರೆ 10ರಲ್ಲಿ 7 ರೋಗಿಗಳು ಸೆಳೆತವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು. ಹೀಗಿದ್ದೂ ಸೆಳೆತ ಬಂದವನ ಕೈಯಲ್ಲಿ ಕಬ್ಬಿಣದ ಬೀಗದಕೈ ಇಡುವದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ನಮ್ಮ ನೆರೆಯ ಕೂಲಿಯವನೊಬ್ಬನ ಮಗನಿಗೆ ಈ ರೋಗವುಂಟು. ಗುಳಿಗೆ ತೆಗೆದುಕೊಂಡಷ್ಟು ದಿನ ಹುಡುಗನು ಚೆನ್ನಾಗಿಯೇ ಶಾಲೆಗೆ ಹೋದನು. ಅಡಿಕೆಯ ಕೊಯ್ಲಿನ ಕಾಲದಲ್ಲಿ ಗುಳಿಗೆ ತಪ್ಪಿತು; ಹಳ್ಳದ ದಂಡೆಯಲ್ಲಿ ಸೆಳೆತ ಬಂದು ಬಿದ್ದನು. ದಾರಿಹೋಕರಿದ್ದುದರಿಂದ ಜೀವ ಉಳಿಯಿತು. ಏಕೆ ತಪ್ಪಿಸಿದೆಯೆಂದು ಕೇಳಿದರೆ ತಂದೆಯು, “ಗುಳಗಿಗೆ ದುಡ್ಡಾಗ್ತದೆ ಒಡೆಯಾ, ಹೋಗಿ ಬರೂ ದಿನದ ಕೂಲಿ ಯಾರು ಕೊಡ್ತರು?” ಎಂದನು. ನನಗೆ ಉತ್ತರ ತೋಚಲಿಲ್ಲ.

ಇನ್ನು ರೋಗವು ಬಲಿತರಂತೂ ಯಲ್ಲಾಪುರದವರು ಹುಬ್ಬಳ್ಳಿಗೆ, ಸಿದ್ದಾಪುರದವರು ಶಿವಮೊಗ್ಗೆಗೆ, ಶಿರಸಿಯವರು ಹುಬ್ಬಳ್ಳಿಗೋ ಘಟ್ಟವಿಳಿದು ಮಣಿಪಾಲಕ್ಕೋ ಹೋಗತಕ್ಕದ್ದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಶಿರೂರಿನ ಟೋಲ್ ನಾಕೆಯಲ್ಲಿ ಮಗುಚಿ ನಾಲ್ವರು ಮಡಿದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಎಲ್ಲೆಡೆ ಎದ್ದಿತು. ಕೊಲೊರಾಡೋಕ್ಕೆ ವಲಸೆ ಹೋದವರ ಕಥೆಯು ಹಾಗಾದರೆ ನಮಗೆ ಪರಕೀಯವೇ?

ಆಸ್ಪತ್ರೆಯನ್ನು ಕೇಳುವದನ್ನು ನಾವು ಬಿಡಬಾರದು. ಅದು ಬರುವವರೆಗೆ ವಾಚಕರಲ್ಲಿ ನನ್ನದೊಂದು ಅರಿಕೆ. ವಾರಕ್ಕೊಮ್ಮೆ ಪೇಟೆಗೆ ಹೋಗುವ ಅನುಕೂಲವಿದ್ದವರು ನೆರೆಯವರ ವೈದ್ಯರ ಚೀಟಿಯನ್ನೂ ಕಿಸೆಯಲ್ಲಿಟ್ಟುಕೊಂಡು ಹೋಗಿ, ತಿಂಗಳ ಗುಳಿಗೆಯನ್ನು ತಂದುಕೊಡಲಿ. ಆ ತಂದೆಯ ಒಂದು ದಿನದ ಕೂಲಿ ಉಳಿಯುವದು. ಆ ಹುಡುಗನ ಗುಳಿಗೆ ತಪ್ಪದು.