ಕೊಟ್ಟೂರಿನಿಂದ ಹರಿಹರಕ್ಕೆ, ಅವ್ವನ ಹರಕೆಗೆ

ನಾವು ಕೊಟ್ಟೂರೇಶನ ಒಕ್ಕಲು. ಆದರೆ ಅವ್ವ ಹರಕೆ ಹೊತ್ತಿದ್ದು ಹರಿಹರದ ಆರೋಗ್ಯ ಮಾತೆಗೆ. ಸಕ್ಕರೆ ಕಾಯಿಲೆಗೆ ಹೆಬ್ಬೆರಳು ಹೋಗಿತ್ತು. ಕಾಲಾದರೂ ಉಳಿಯಲಿ ಎಂದು, ಪಕ್ಕದ ಮಂಚದಾಕೆ ಕೊಟ್ಟ ಮಾತೆಯ ಪಟಕ್ಕೆ ಕೈಮುಗಿದಿದ್ದಳು. ಗಾಯ ಮಾಯಲು ಏಳು ತಿಂಗಳು ಹಿಡಿಯಿತು.

ಕೂಡ್ಲಿಗಿಯ ಅತ್ತೆ, ಹಡಗಲಿಯ ಅಕ್ಕ ಹಿಂದಿನ ರಾತ್ರಿಯೇ ಬಂದರು. ಕ್ರೂಸರ್ ಗಾಡಿ ಮಾಡಿಕೊಂಡು ಹನ್ನೊಂದು ಮಂದಿ ಹೊರಟೆವು. ಹರಪನಹಳ್ಳಿ ದಾಟುವಾಗ ಚಿಕ್ಕಪ್ಪ ಕೆಣಕಿದ: "ನಮ್ಮ ದೇವರಿಗೇನು ಬರಗಾಲ ಬಂದಿತ್ತಾ ಅತ್ತಿಗೆ?"

"ಗಾಯ ತೊಳೆದ ನರ್ಸಮ್ಮನ ಜಾತಿ ಕೇಳಿದ್ವೇನಪ್ಪಾ?" ಅಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ಹರಿಹರ ಊರೇ ಹಾಗೆ. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ, ಪೊಲಾಳ್ವ ಕಟ್ಟಿಸಿದ ಗುಡಿಯಲ್ಲಿ ಶಿವ, ವಿಷ್ಣು ಒಂದೇ ಮೈ. ಅದೇ ಊರಿನ ಚರ್ಚಿಗೆ 2019ರಲ್ಲಿ ಬಸಿಲಿಕದ ಮನ್ನಣೆ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ. ಗದ್ದಲದಲ್ಲಿ ಯಾರಾದರೂ ಅವ್ವನ ಕಾಲು ತುಳಿದಾರು ಎಂದು ನಾವು ಹಬ್ಬ ಕಳೆದ ಮೇಲೆ ಹೋದೆವು.

ಬಾಗಿಲಲ್ಲಿ ಅವ್ವ ಚಪ್ಪಲಿ ಬಿಡಲು ಹೊರಟಳು. ಬರಿಗಾಲು ಕೂಡದು ಎಂದು ಡಾಕ್ಟರು ಹೇಳಿದ್ದರು. ಸಕ್ಕರೆಯಿಂದ ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ, ನೆಲ ಸುಟ್ಟರೂ ತಿಳಿಯದು. ನಮ್ಮ ಮಾತು ಕೇಳಲಿಲ್ಲ. ಅಂಗಳ ಗುಡಿಸುತ್ತಿದ್ದಾಕೆ ಅಂದಳು: "ಹಾಕ್ಕೊಂಡೇ ಬರ್ರಿ ಯವ್ವಾ. ಕಾಲು ಉಳೀತು ಅಂತಲೇ ಬಂದೀರಲ್ಲ?"

ಅವ್ವ ಚಪ್ಪಲಿಯಲ್ಲೇ ಒಳಗೆ ನಡೆದು ಮೇಣದಬತ್ತಿ ಹಚ್ಚಿದಳು.

ದಾವಣಗೆರೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಬರಿಗಾಲಲ್ಲಿ ಬಂದವರನ್ನು ಕಂಡರೆ ಅವ್ವ ಈಗ ಬಿಡುವುದಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಮೊದಲು ಅಂಗಾಲು ನೋಡುತ್ತಾಳೆ.