ಕಾಣದ ಗಾಯಕ್ಕೆ ಸಾಕ್ಷಿ

ಮೆದುಳಿನ ಕೆಲಸವನ್ನು ಅಳೆದು ನ್ಯಾಯಸ್ಥಾನಕ್ಕೆ ವರದಿಯನ್ನೊಪ್ಪಿಸುವುದು ನಮ್ಮ ವೃತ್ತಿ. ಪಂಡಿತರು ಇದನ್ನು ನ್ಯಾಯಸಂಬಂಧಿ ನರಮನೋವಿಜ್ಞಾನವೆನ್ನುವರು. ಹೆಸರು ಕಿವಿಗೆ ಬಿದ್ದೊಡನೆ ನೆಂಟರಿಷ್ಟರು, ಸುಳ್ಳನ್ನು ಹಿಡಿಯುವ ಯಂತ್ರವೊಂದು ನಮ್ಮಲ್ಲಿರಬೇಕೆಂದು ಊಹಿಸಿಬಿಡುತ್ತಾರೆ. ಅಂಥದೇನೂ ಇಲ್ಲ. ವ್ಯಕ್ತಿಯ ಸಮ್ಮತಿಯಿಲ್ಲದೆ ಸುಳ್ಳುಪತ್ತೆ, ಮಂಪರು ಮುಂತಾದ ಪರೀಕ್ಷೆಗಳನ್ನು ನಡೆಯಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು, ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ, 2010ರಲ್ಲಿಯೇ ತೀರ್ಪಿತ್ತಿದೆ. ನಮ್ಮ ಸಲಕರಣೆಗಳೆಂದರೆ ಚಿತ್ರದ ಹಾಳೆ, ಮಣಿ, ಮರದ ತುಂಡು, ಹೊತ್ತನ್ನೆಣಿಸುವ ಗಡಿಯಾರ, ಇಷ್ಟೆ.

ಕೊಲೆಯ ಮೊಕದ್ದಮೆಗಳಲ್ಲಿ ಆರೋಪಿಯ ಚಿತ್ತಸ್ವಾಸ್ಥ್ಯದ ಪ್ರಶ್ನೆಯೇಳುವುದುಂಟು. 1860ರ ದಂಡಸಂಹಿತೆಯಲ್ಲಿ 84ನೆಯದಾಗಿದ್ದ ಆ ವಿಧಿಯು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯದಾಗಿದೆ. ಆದರೆ ನಮ್ಮ ಬಾಗಿಲಿಗೆ ಹೆಚ್ಚಾಗಿ ಬರುವವರು ರಸ್ತೆಯಲ್ಲಿ ತಲೆಗೆ ಪೆಟ್ಟು ಬಿದ್ದವರು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಗಳ ಹೆದ್ದಾರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೊಡ್ಡಬಳ್ಳಾಪುರದ ಕಡೆಯ ನೇಕಾರನೊಬ್ಬನು ಪರಿಹಾರದ ಮೊಕದ್ದಮೆಯ ಸಂಬಂಧವಾಗಿ ನಮ್ಮಲ್ಲಿಗೆ ಬಂದನು. ಹಣೆಯ ಗಾಯ ಮಾಯ್ದಿತ್ತು. ಮಾತು ಸರಾಗ, ನಡೆ ನೆಟ್ಟಗೆ. ನಮ್ಮ ಕೈಕೆಳಗೆ ಕಲಿಯುತ್ತಿದ್ದ ವಿದ್ಯಾರ್ಥಿನಿಯು ಅಂಕೆಗಳನ್ನು ಹೇಳಿಸಿದಳು, ಪದಗಳ ಪಟ್ಟಿಯನ್ನು ನೆನಪಿಸಿದಳು. ಅವನ ಓದು ವಯಸ್ಸುಗಳ ಜನಕ್ಕೆ ಸಲ್ಲುವ ಮಾನದೊಡನೆ ಹೋಲಿಸಿಯೂ ನೋಡಿದಳು. ಈ ಹೋಲಿಕೆ ಅಗತ್ಯ. ನಾಲ್ಕನೆಯ ತರಗತಿಗೆ ಓದು ಬಿಟ್ಟವನನ್ನು ಪದವೀಧರನ ಅಳತೆಯಿಂದ ಅಳೆದರೆ ಆರೋಗ್ಯವಂತನೂ ರೋಗಿಯೆನಿಸಿಯಾನು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿದ್ವಾಂಸರು 2004ರಲ್ಲಿ ನಮ್ಮ ಜನರ ವಯಸ್ಸು, ಓದುಗಳಿಗೆ ತಕ್ಕ ಮಾನಗಳುಳ್ಳ ಪರೀಕ್ಷಾಮಾಲೆಯನ್ನು ಹೊರತಂದುದು ದೊಡ್ಡ ಉಪಕಾರವೇ ಸರಿ. ಎಲ್ಲವೂ ಸರಿಯಾಗಿ ಕಂಡುದರಿಂದ ಆಕೆ “ಗಣನೀಯ ದೋಷವಿಲ್ಲ” ಎಂದು ಕರಡಿನಲ್ಲಿ ಬರೆದಳು.

“ಮನೆಯವರನ್ನು ಕೇಳಿದೆಯಾ, ತಾಯಿ?” ಎಂದೆವು.

“ಹೆಂಡತಿ ಹೊರಗಿದ್ದಾರೆ, ಸರ್. ಅವರು ಒಂದಕ್ಕೆ ಎರಡು ಸೇರಿಸಿ ಹೇಳಬಹುದಲ್ಲವೆ?”

ಶಂಕೆ ನ್ಯಾಯವಾದುದೇ. ಹಣದ ವ್ಯವಹಾರದಲ್ಲಿ ಮರೆವನ್ನು ನಟಿಸುವವರೂ ಉಂಟು. ಅದಕ್ಕೊಂದು ಸರಳೋಪಾಯವಿದೆ. ಐವತ್ತು ಚಿತ್ರಗಳನ್ನು ತೋರಿಸಿ, ಆಮೇಲೆ ಒಂದೊಂದನ್ನೂ ಹೊಸ ಚಿತ್ರದ ಜೊತೆಗಿಟ್ಟು “ಮೊದಲು ನೋಡಿದ್ದು ಯಾವುದು?” ಎಂದು ಕೇಳುವುದು. ಏನೂ ನೆನಪಿಲ್ಲದವನು ಕುರುಡೂಹೆಯಿಂದಲೇ ಇಪ್ಪತ್ತೈದರ ಆಸುಪಾಸು ಸರಿ ಹೇಳುವನು. ಹತ್ತೇ ಸರಿಯಾದರೆ, ಸರಿಯುತ್ತರ ತಿಳಿದೇ ತಪ್ಪನ್ನಾರಿಸಿದನೆಂದು ತರ್ಕಿಸಬಹುದು. ನಮ್ಮ ನೇಕಾರನು ನಲವತ್ತೆಂಟು ಸರಿ ಹೇಳಿದನು. ಪಾಪ, ನಟನೆಯ ಸುಳಿವೇ ಇರಲಿಲ್ಲ.

ಹೆಂಡತಿಯನ್ನು ಕರೆಯಿಸಿದೆವು. “ಎಳೆ ಕಡಿದ್ರೂ ಮಗ್ಗ ನಿಲ್ಸಲ್ಲ ಸ್ವಾಮಿ, ನೋಡ್ತಾ ನಿಂತಿರ್ತಾರೆ. ಕಟ್ಟಿ ಅಂದ್ರೆ ಕಟ್ತಾರೆ. ಹೇಳೋರು ಬೇಕು,” ಎಂದಳು ಆಕೆ.

ಆಗ ಮಣಿಗಳ ಪರೀಕ್ಷೆಯನ್ನು ಕೊಡಿಸಿದೆವು. ಮೂರು ಗೂಟಗಳಲ್ಲಿರುವ ಬಣ್ಣದ ಮಣಿಗಳನ್ನು, ಗೊತ್ತುಮಾಡಿದಷ್ಟೇ ಸಲ ಕದಲಿಸಿ, ತೋರಿಸಿದ ಮಾದರಿಗೆ ತರಬೇಕು. ಕೈಯಿಡುವ ಮುಂಚೆ ಮನಸ್ಸಿನಲ್ಲಿಯೇ ದಾರಿಯನ್ನು ಹಾಕಿಕೊಳ್ಳದವನಿಗೆ ಇದು ಕೈಗೂಡದು. ಅವನು ಕ್ಷಣವೂ ಯೋಚಿಸದೆ ಮಣಿಗಳನ್ನೆತ್ತಿದನು. ನಿಯಮವನ್ನು ಬಾಯಲ್ಲಿ ಒಪ್ಪಿಸುತ್ತಲೇ ಕೈಯಲ್ಲಿ ಮುರಿದನು. ಹಣೆಯ ಹಿಂದಿನ ಮೆದುಳಿನ ಭಾಗ ಕೆಟ್ಟರೆ ಹೀಗಾಗುವುದುಂಟು. ಅಮೆರಿಕದಲ್ಲಿ 1848ರಲ್ಲಿ ಫಿನಿಯಾಸ್ ಗೇಜ್ ಎಂಬ ರೈಲುದಾರಿಯ ಮೇಸ್ತ್ರಿಯ ತಲೆಯನ್ನು ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕಿದ, ಮಾತನಾಡಿದ. ಆದರೆ ಹಳೆಯ ಮೇಸ್ತ್ರಿಕೆಗೆ ಯೋಗ್ಯನಾಗಿ ಉಳಿಯಲಿಲ್ಲ.

ವಿದ್ಯಾರ್ಥಿನಿ ಕರಡನ್ನು ಹರಿದು ಹೊಸದಾಗಿ ಬರೆದಳು. ಈ ಸಲ ಮರುಕ ಹೆಚ್ಚಾಗಿ, “ಪರಿಹಾರಕ್ಕೆ ಸಂಪೂರ್ಣ ಅರ್ಹನು” ಎಂದು ಕೊನೆಯಲ್ಲಿ ಸೇರಿಸಿದ್ದಳು. ಆ ವಾಕ್ಯವನ್ನು ಹೊಡೆದುಹಾಕಿದೆವು. ಏನು ನಷ್ಟವಾಗಿದೆಯೆಂಬುದು ನಮ್ಮ ಪಾಲಿನ ಮಾತು. ಅದರ ಬೆಲೆ ನ್ಯಾಯಾಧೀಶರದು. ಆಕೆಗೆ ಕೊಂಚ ಕೋಪ ಬಂದಂತೆ ತೋರಿತು.

ಹೆಂಡತಿಯ ಮಾತನ್ನು ಮಾತ್ರ, ಆಡಿದ ಹಾಗೆಯೇ, ವರದಿಯಲ್ಲಿ ಉಳಿಸಿದೆವು. ಪಾಟೀಸವಾಲಿನ ದಿನ ಎದುರು ವಕೀಲರು ಅಂಕಗಳ ಕೋಷ್ಟಕವನ್ನು ಮುಟ್ಟಲೇ ಇಲ್ಲ. ಮಗ್ಗದ ಎಳೆಯನ್ನು ಕುರಿತೇ ಅರ್ಧ ಗಂಟೆ ಪ್ರಶ್ನಿಸಿದರು.